ಹಿಮ್ಮಡಿಯ ಗುರುತಿಲ್ಲದ ಸ್ಟೂಲು

ಇಂಚರಾ, ಹೋದ ಭಾನುವಾರ ನೀನು ಸಜ್ಜೆಯ ಮೇಲಿದ್ದ ಚೌಕಾಬಾರದ ಹಲಗೆ ತೆಗೆಯೋದಕ್ಕೆ ಅಂತ ನನ್ನ ರೂಮಿನ ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಎಳೆದುಕೊಂಡು ಹತ್ತಿದೆಯಲ್ಲ, ಇಳಿದ ಮೇಲೆ ಅದನ್ನೇ ನೋಡುತ್ತಾ ನಿಂತುಬಿಟ್ಟೆ.

"ಅಜ್ಜಿ, ಇದರ ಮೇಲೆ ಎರಡು ಪಾದದ ಗುಳಿ ಬಿದ್ದಿದೆ. ಆದ್ರೆ ಮುಂದಿನ ಅರ್ಧ ಮಾತ್ರ ಇದೆ. ಹಿಮ್ಮಡಿ ಎಲ್ಲಿ ಹೋಯ್ತು?"

"ಮರ ಅಲ್ಲವಾ, ಹೇಗೋ ಸವೆದಿರುತ್ತೆ ಬಿಡು" ಅಂದೆ. ಅಷ್ಟರಲ್ಲಿ ನಿನ್ನ ತಮ್ಮ ಆಕಾಶ, "ಇದಕ್ಕೆಷ್ಟು ಕೊಟ್ಟೆ ಅಜ್ಜಿ?" ಅಂದ. ಐದು ಸಾವಿರದ ಒಂದು ರೂಪಾಯಿ ಅಂದಾಗ ಇಬ್ಬರೂ ನೆಲಕ್ಕೆ ಬಿದ್ದು ನಕ್ಕಿರಿ. "ಅಜ್ಜಿಗೆ ಯಾರೋ ಸರಿಯಾಗಿ ಟೋಪಿ ಹಾಕಿದಾರೆ" ಅಂದ ಅವನು. ನಾನೂ ನಕ್ಕೆ. ನೀವು ಚೌಕಾಬಾರ ಆಡಿದಿರಿ, ಹಲಗೆ ಹಾಗೇ ಬಿಟ್ಟು ಹೋದಿರಿ. ಸೋಮವಾರ ಬೆಳಿಗ್ಗೆ ನೀವು ಸ್ಕೂಲಿಗೆ, ನಿಮ್ಮಪ್ಪ ಡಿಪೋಗೆ, ನಿಮ್ಮಮ್ಮ ಆಫೀಸಿಗೆ ಹೋದಮೇಲೆ ಮನೆಯಲ್ಲಿ ನಾನು, ಸ್ಟೂಲು, ಮಿಕ್ಸಿ ಆರಿದ ಮೇಲಿನ ಮೌನ. ಹಿಮ್ಮಡಿ ಎಲ್ಲಿ ಹೋಯಿತು ಅನ್ನುವ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಬಾಯಲ್ಲಿ ಹೇಳೋದಕ್ಕೆ ಬರಲಿಲ್ಲ. ಅದಕ್ಕೆ ನಿನ್ನ ಹೋದ ವರ್ಷದ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಬಾಯಲ್ಲಿ ಹೇಳೋದಕ್ಕೆ ಬರದಿರುವುದು ನನಗೆ ಹೊಸದಲ್ಲ. ಹುಣಸಮಾರನಹಳ್ಳಿ ಕಡೆಯ ನಮ್ಮ ಊರಿನ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗುವಾಗ "ಬಂದಿದ್ದೀನಿ ಸಾರ್" ಅನ್ನಬೇಕಿತ್ತು. ನನಗೆ ಗಂಟಲಿನವರೆಗೆ ಬಂದದ್ದು ತುಟಿಗೆ ಬರುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ನಮ್ಮಪ್ಪನನ್ನು ದಾರಿಯಲ್ಲಿ ತಡೆದು, "ಏನಯ್ಯಾ, ನಿನ್ನ ಮಗಳು ಹದಿನೈದು ದಿನದಿಂದ ಸ್ಕೂಲಿಗೇ ಬಂದಿಲ್ಲ" ಅಂದರಂತೆ. ಆ ಹದಿನೈದು ದಿನವೂ ನಾನು ಮುಂದಿನ ಸಾಲಿನಲ್ಲಿ, ಅವರ ಮೇಜಿನ ಎದುರಿಗೇ ಕೂತಿದ್ದೆ.

ಅಂಥವಳನ್ನು ಹರಾಜು ಕೂಗುವವರಿಗೆ ಕೊಟ್ಟು ಮದುವೆ ಮಾಡಿದರು.

ನಿಮ್ಮ ತಾತ ಯಶವಂತಪುರದ ಮಾರ್ಕೆಟ್ಟಿನಲ್ಲಿ ಒಂದು ಈರುಳ್ಳಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು ಅಂತ ನಿಮಗೆ ಗೊತ್ತು. ರೈತರು ತಂದು ಸುರಿದ ಈರುಳ್ಳಿ ರಾಶಿಯ ಪಕ್ಕ ನಿಂತು, ಸುತ್ತ ಸೇರಿದ ವ್ಯಾಪಾರಿಗಳಿಂದ ಬೆಲೆ ಕೇಳಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಮೇಲೆ ಹೇಳುವಂತೆ ಮಾಡಿ, ಕೊನೆಗೆ "ಒಂದು ಸಾರಿ, ಎರಡು ಸಾರಿ, ಮೂರು ಸಾರಿ" ಅಂತ ಮುಗಿಸುವ ಕೆಲಸ. ಧ್ವನಿ ದೊಡ್ಡದು, ಆಳು ಐದಡಿಗೆ ಎರಡು ಬೆರಳು ಕಮ್ಮಿ. ಅದಕ್ಕೇ ಸ್ಟೂಲು. ಒಂದು ರಾಶಿಯಿಂದ ಇನ್ನೊಂದಕ್ಕೆ ಸ್ಟೂಲು ಎತ್ತಿಕೊಂಡು ಹೋಗಿ ಇಡುವುದು, ಅದರ ಪಕ್ಕದ ಮೂಟೆಯ ಮೇಲೆ ಕೂತು ಬೆಲೆ ಬರೆದುಕೊಳ್ಳುವುದು, ಎರಡೂ ಮಂಡಿಯ ಗುಮಾಸ್ತ ನಂಜುಂಡಪ್ಪನವರ ಕೆಲಸ. ತಾತ ಕೂಗುವುದು, ಅವರು ಬರೆಯುವುದು. ಬೇರೆ ಕಡೆ ಕೂಗುತ್ತಿದ್ದವರು ಈ ಮಂಡಿಗೆ ಬಂದಮೇಲೆ ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಮದುವೆಯಾದ ಹೊಸದರಲ್ಲಿ ಈ ಕೆಲಸ ಏನು ಅಂತ ತಿಳಿಯದೆ, ನಾನು ಕಂಡಿದ್ದ ಒಂದೇ ಹರಾಜಿನ ಕಥೆಯನ್ನು ಅವರಿಗೆ ಹೇಳಿದ್ದೆ. ನಮ್ಮೂರ ಕೆರೆ ಏರಿಯ ಮೇಲಿದ್ದ ಹುಣಸೆಮರಗಳ ಫಸಲನ್ನು ಪ್ರತಿವರ್ಷ ಪಂಚಾಯ್ತಿಯವರು ಹರಾಜು ಹಾಕುತ್ತಿದ್ದರು. ಒಂದು ಮರಕ್ಕೆ ಹೆಚ್ಚೆಂದರೆ ಅರವತ್ತು ರೂಪಾಯಿ ಬಾಳುವ ಹಣ್ಣು. ಆ ವರ್ಷ ನಮ್ಮಪ್ಪ ನಲವತ್ತು ಅಂದರು. ಬದುವಿನ ವಿಷಯದಲ್ಲಿ ನಮ್ಮಪ್ಪನ ಮೇಲೆ ಕೋಪ ಇದ್ದ ಚಿಕ್ಕಣ್ಣ ಐವತ್ತು ಅಂದ. ಅಲ್ಲಿಂದ ಇಬ್ಬರೂ ಮರದ ಕಡೆ ನೋಡಲೇ ಇಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಾ ಹತ್ತು, ಇಪ್ಪತ್ತು ಅಂತ ಏರಿಸಿದರು. ನೂರೈವತ್ತಕ್ಕೆ ನಮ್ಮಪ್ಪ ಗೆದ್ದು, ಮೀಸೆ ತಿರುವಿಕೊಂಡು ಮನೆಗೆ ಬಂದರು.

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಅಮ್ಮ ಮಾಡಿದ್ದು ಬರೀ ಹುಣಸೆ ಗೊಜ್ಜು, ಹುಣಸೆ ತೊಕ್ಕು, ಹುಣಸೆ ಸಾರು. ಹಬ್ಬದ ದಿನವೂ ಪಾಯಸದ ಪಕ್ಕದಲ್ಲಿ ಒಂದು ಉಂಡೆ ಹುಣಸೆ ಚಿಗಳಿ. ಅಪ್ಪ ಒಂದು ದಿನ ತಡೆಯಲಾರದೆ, "ಏನಮ್ಮಿ ಇದು, ಬಾಯೊಳಗಿನ ಅಲ್ಲೆಲ್ಲ ಜುಮ್ಮಂತಾವೆ, ಇಂಗೇ ಎಷ್ಟ್ ದಿನ?" ಅಂದರು.

"ನೂರೈವತ್ ಕೊಟ್ಟು ತಂದವ್ರೆ. ಉಳಿ ಆದ್ರೇನು, ಮೀಸೆ ನೆಟ್ಟಗಾಯ್ತಲ್ಲ, ಉಣ್ಣಿ" ಅಂದಳು ಅಮ್ಮ.

ಇದನ್ನು ಕೇಳಿ ನಿಮ್ಮ ತಾತ ನಕ್ಕಿದ್ದನ್ನು ನೀವು ನೋಡಬೇಕಿತ್ತು. ಕಣ್ಣು ಒರೆಸಿಕೊಂಡು ಅಂದರು, "ನಿಮ್ಮಪ್ಪ ಹಣ್ಣಿಗೆ ಕೊಟ್ಟಿದ್ದು ಅರವತ್ತು ಕಣೇ. ಮಿಕ್ಕ ತೊಂಬತ್ತು ಚಿಕ್ಕಣ್ಣನ ಮುಖಕ್ಕೆ ಕೊಟ್ಟಿದ್ದು. ಬಾಯಿಬಿಟ್ಟು ಕೂಗೋ ಹರಾಜಲ್ಲಿ ಯಾವಾಗ್ಲೂ ಹಂಗೇನೇ. ಎದುರಿಗೆ ನಿಂತೋನ ಮುಖಕ್ಕೆ ಒಂದು ಬೆಲೆ ಇರುತ್ತೆ. ಅಲ್ಲಿ ಕೂಗೋನು ನಾನಾಗಿದ್ರೆ ಇನ್ನೂ ಇಪ್ಪತ್ತು ಎತ್ತಿಸ್ತಿದ್ದೆ."

"ಸುಮ್ನಿರಿ, ಇನ್ನೂ ಆರು ತಿಂಗಳು ಹುಣಸೆಹಣ್ಣು ತಿನ್ನಬೇಕಿತ್ತು ನಾವು" ಅಂದೆ. ಅವರ ಜೊತೆ ನಾನು ಆಡಿದ ಮೊದಲ ತಮಾಷೆಯ ಮಾತು ಅದು. ಅದನ್ನು ಹೇಳಿ ಅಡಿಗೆಮನೆಗೆ ಓಡಿಹೋಗಿದ್ದೆ.

ಹೇಗೆ ಎತ್ತಿಸುತ್ತೀರಿ ಅಂತ ಇನ್ನೊಂದು ದಿನ ಕೇಳಿದೆ. ಅದಕ್ಕೆ ಅವರು, "ಎರಡು ಸಾರಿ ಅಂದ್ಮೇಲೆ ತಕ್ಷಣ ಮೂರು ಅನ್ನಬಾರದು. ಎರಡಕ್ಕೂ ಮೂರಕ್ಕೂ ಮಧ್ಯೆ ಸ್ವಲ್ಪ ಜಾಗ ಬಿಡಬೇಕು. ಆ ಜಾಗದಲ್ಲಿ ಯಾರಿಗಾದ್ರೂ ಮನಸ್ಸು ತಡೆಯಲ್ಲ. ರೈತನಿಗೆ ನಾಕು ಕಾಸು ಹೆಚ್ಚು ಸಿಗೋದು ಅಲ್ಲೇ" ಅಂದರು. ನಾನು ಅವರು ಕೂಗುವುದನ್ನು ನೋಡಿದ್ದು ಒಂದೇ ಸಲ. ಮನೆ ಬೀಗದ ಕೈ ಮರೆತುಹೋಗಿದ್ದರು, ಕೊಡಲು ಹೋಗಿದ್ದೆ. ಗಂಡಸರ ಗುಂಪಿನ ನಡುವೆ ಹೋಗಲಾರದೆ ಲಾರಿಯ ಹಿಂದೆ ನಿಂತೆ. ಮೂಟೆಗಳ ಮೇಲಿಂದ ಅವರ ತಲೆ, ಎತ್ತಿದ ಒಂದು ಕೈ ಮಾತ್ರ ಕಾಣುತ್ತಿತ್ತು. "ಎರಡು ಸಾರೀ..." ಅಂತ ಎಳೆದು ನಿಲ್ಲಿಸಿದರು ನೋಡು, ಲಾರಿಯ ಹಿಂದೆ ನಿಂತ ನನಗೇ ಏನಾದರೂ ಕೂಗಿಬಿಡೋಣ ಅನ್ನಿಸಿತು.

ಬಾಯಿ ಬಿಡದ ನನ್ನಂಥವರಿಗೂ ವ್ಯಾಪಾರ ಇದೆ ಅಂತ ಅವರೇ ಒಂದು ಆಟ ಕಲಿಸಿದರು. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳು ಅಂದರೆ ಒಂದು, ಇಡೀ ಅಂಗೈ ಅಂದರೆ ಐದು. ಹತ್ತೋ ನೂರೋ ಸಾವಿರವೋ ಅನ್ನುವುದು ಎತ್ತು ನೋಡಿದರೆ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲವಾದ್ದರಿಂದ ಮೀಸೆಯ ಪ್ರಶ್ನೆ ಬರುವುದಿಲ್ಲ. ಆದರೆ ಪಕ್ಕದ ಎತ್ತು ಎಷ್ಟಕ್ಕೆ ಹೋಯಿತು ಅಂತಲೂ ತಿಳಿಯದೆ ಹೊಸಬ ಮೋಸ ಹೋಗುತ್ತಾನೆ. ಮನೆಗೆ ನೆಂಟರು ಬಂದಾಗ ತಾತ ಹೆಗಲ ಮೇಲಿನ ಟವೆಲ್ಲನ್ನು ಮೊಣಕೈ ಮೇಲೆ ಹಾಕಿಕೊಂಡು ಬಾಗಿಲ ಹತ್ತಿರ ಬರುತ್ತಿದ್ದರು. ನಾನು ಅದರ ಕೆಳಗೆ ಅವರ ಮೂರು ಬೆರಳು ಹಿಡಿದರೆ, ಅನ್ನ ಮೂರು ಜನಕ್ಕೆ ಮಾತ್ರ ಇದೆ ಅಂತ. ಅವರು ತಿರುಗಿ ನನ್ನ ಐದು ಬೆರಳು ಒತ್ತಿದರೆ, ಐವರೂ ಉಂಡೇ ಹೋಗುತ್ತಾರೆ, ಅಕ್ಕಿ ಇಡು ಅಂತ. ಒಂದೊಂದು ಸಲ ನೆಂಟರೂ ಇಲ್ಲದೆ, ಕಾರಣವೂ ಇಲ್ಲದೆ ಟವೆಲ್ಲು ಹಾಕಿಕೊಂಡು ಬಂದು ಒಂದು ಬೆರಳು ಹಿಡಿದುಕೊಂಡು ನಿಲ್ಲುತ್ತಿದ್ದರು. "ಏನ್ರೀ ಒಂದು?" ಅಂದರೆ, "ಒಂದು ಲೋಟ ಕಾಫಿ" ಅನ್ನುತ್ತಿದ್ದರು. ಆ ಟವೆಲ್ಲು ಈಗಲೂ ಬೀರುವಿನಲ್ಲಿದೆ. ಬೆರಳು ಹಿಡಿಯುವವರು ಇಲ್ಲ, ಅಷ್ಟೆ.

ನೀನು ಹುಟ್ಟಿದ ವರ್ಷ, ಇಂಚರಾ, ನಿನ್ನ ನಾಮಕರಣಕ್ಕೆ ಹೂವು ಬೇಕು ಅಂತ ತಾತ ನನ್ನನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋದರು. ಅವರಿಗೆ ಪರಿಚಯದ ಒಬ್ಬ ಹೂವಿನ ವ್ಯಾಪಾರಿ, "ಬಾ ಗುರು, ನಮ್ಮ ಹರಾಜು ನೋಡುವೆಯಂತೆ" ಅಂತ ಒಳಗೆ ಕೂರಿಸಿದ. ಸಿನಿಮಾ ಟಾಕೀಸಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ, ಎದುರು ಗೋಡೆಯ ಮೇಲೆ ದೊಡ್ಡ ಗಡಿಯಾರದಂಥ ಬೋರ್ಡು. ಗುಲಾಬಿಯ ಕಟ್ಟುಗಳು ಮುಂದೆ ಬಂದು ನಿಲ್ಲುತ್ತವೆ. ಬೋರ್ಡಿನ ಮೇಲಿನ ದೀಪ ಒಂದು ದೊಡ್ಡ ಬೆಲೆಯಿಂದ ಶುರುವಾಗಿ ಕೆಳಗೆ, ಕೆಳಗೆ ಇಳಿಯುತ್ತದೆ. ಬೇಕಾದವರು ಗುಂಡಿ ಒತ್ತಬೇಕು. ಮೊದಲು ಒತ್ತಿದವರಿಗೆ ಆ ಬೆಲೆಗೆ ಹೂವು. ಯಾರೂ ಒಂದು ಮಾತಾಡುವುದಿಲ್ಲ.

ನನಗೆ ಸಂತೋಷವಾಯಿತು. "ಇದು ನನಗೆ ಹೇಳಿ ಮಾಡಿಸಿದ ಹಾಗಿದೆ ಕಣ್ರೀ" ಅಂದೆ.

"ನಿಂಗಾ?" ಅಂದರು. "ನೀನಾಗಿದ್ರೆ ಎಲ್ಲಿ ಕೈತಪ್ಪಿ ಹೋಗುತ್ತೋ ಅಂತ ಹೆದರಿ ದೀಪ ಇಳಿಯೋಕೆ ಮುಂಚೆನೇ ಒತ್ತಿಬಿಡ್ತಿದ್ದೆ. ಇಲ್ಲಿ ಹೆದರೋರು ಜಾಸ್ತಿ ಕೊಡ್ತಾರೆ, ಗುಂಡಿಗೆ ಇರೋರು ಕಮ್ಮಿ ಕೊಡ್ತಾರೆ."

ವಾಪಸು ಬರುವಾಗ ಫ್ಲೈಓವರಿನ ಮೇಲೆ ಬಸ್ಸು ನಿಂತೇಬಿಟ್ಟಿತು. ತಾತ ಗುಲಾಬಿಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅಂದರು, "ಕೂಗೋನೇ ಬೇಡ ಅಲ್ಲಿ. ಮಷೀನು ಇಳಿಸುತ್ತೆ, ಇವರು ಒತ್ತುತಾರೆ." ಸ್ವಲ್ಪ ತಡೆದು, "ಅದು ಹೋಗ್ಲಿ, ಅಲ್ಲಿ ಹೂವು ತಗೊಂಡೋನಿಗೆ ಎರಡನೆಯೋನು ಯಾರು ಅಂತನೇ ಗೊತ್ತಾಗಲ್ಲ ಕಣೇ. ಈ ಹೂವು ನಂಗೊಬ್ಬನಿಗೇ ಬೇಕಾಗಿತ್ತೋ, ಇನ್ನೊಬ್ಬನಿಗೂ ಬೇಕಾಗಿತ್ತೋ? ನಮ್ಮಲ್ಲಾದ್ರೆ ಗೊತ್ತಾಗುತ್ತೆ" ಅಂದರು.

ಎರಡನೆಯವನು ಗೊತ್ತಾಗಿ ಏನಾಗಬೇಕು ಅಂತ ಆಗ ನನಗೆ ಅರ್ಥವಾಗಲಿಲ್ಲ. ಮೂರು ವರ್ಷಕ್ಕೆ ತಾತ ಹೋದರು.

ತಿಥಿಯ ದಿನ ನಂಜುಂಡಪ್ಪನವರು ಬಂದು ಮೂಲೆಯಲ್ಲಿ ಕೂತು ಉಂಡು, ನನಗೆ ಕೈ ಮುಗಿದು ಹೋದವರು ಮತ್ತೆ ಈ ಕಡೆ ಸುಳಿಯಲಿಲ್ಲ. ಅವರೂ ಮಾತಿನ ಮನುಷ್ಯರಲ್ಲ. ಮಾರ್ಕೆಟ್ಟಿನವರು ಒಬ್ಬೊಬ್ಬರಾಗಿ ಬರುವುದು ನಿಂತಿತು. ಮನೆಯಲ್ಲಿ ತಾತನ ವಿಷಯ ಬಂದರೆ ನಿಮ್ಮಪ್ಪನ ಮುಖ ಚಿಕ್ಕದಾಗುತ್ತದೆ ಅಂತ ನಾನು ಎತ್ತುತ್ತಿರಲಿಲ್ಲ, ಎತ್ತಿದರೆ ನಾನು ಅಳುತ್ತೇನೆ ಅಂತ ನಿಮ್ಮಪ್ಪ ಎತ್ತುತ್ತಿರಲಿಲ್ಲ. ಹೀಗೆ ಒಬ್ಬರಿಗಾಗಿ ಒಬ್ಬರು ಸುಮ್ಮನಿದ್ದು, ಮನೆಯಲ್ಲಿ ಅವರ ಹೆಸರೇ ಕೇಳಿಸದ ಹಾಗಾಯಿತು. ಹಗಲೆಲ್ಲ ಅಕ್ಕಪಕ್ಕದವರ ಸೀರೆಗಳಿಗೆ ಕುಚ್ಚು ಕಟ್ಟುತ್ತಾ ಕೂರುತ್ತಿದ್ದೆ. ಅಷ್ಟು ದೊಡ್ಡ ಧ್ವನಿಯ ಮನುಷ್ಯ, ಮೂರು ವರ್ಷದಲ್ಲಿ ಪ್ರಪಂಚದಲ್ಲಿ ನನ್ನೊಬ್ಬಳಿಗೆ ಬಿಟ್ಟು ಇನ್ನು ಯಾರಿಗೂ ನೆನಪಿಲ್ಲವೇನೋ ಅನ್ನಿಸುತ್ತಿತ್ತು. ಒಬ್ಬಳೇ ಇರುವುದಕ್ಕಿಂತ ಒಬ್ಬಳೇ ನೆನೆಸಿಕೊಳ್ಳುವುದು ಕಷ್ಟ ಮಗಳೇ.

ಆ ಹೊತ್ತಿಗೆ ಮಂಡಿ ಮುಚ್ಚುತ್ತಾರೆ ಅಂತ ಸುದ್ದಿ ಬಂತು. ದೊಡ್ಡ ಯಜಮಾನರು ತೀರಿಕೊಂಡಿದ್ದರು. ಅವರ ಮಗ ಸುರೇಶ ನಿಮ್ಮಪ್ಪನಿಗೆ ಫೋನು ಮಾಡಿ, "ನಿಮ್ಮ ತಂದೇದು ಒಂದು ಮಫ್ಲರು, ಕನ್ನಡಕದ ಡಬ್ಬ ಇದೆ, ಬಂದು ತಗೊಂಡ್ಹೋಗಿ" ಅಂದರು. ನಿಮ್ಮಪ್ಪನ ಜೊತೆ ನಾನೂ ಹೋದೆ. ಅಂಗಡಿಯ ಸಾಮಾನೆಲ್ಲ ಸಾಲಾಗಿ ಜೋಡಿಸಿ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದರು. ತಕ್ಕಡಿ, ಕಬ್ಬಿಣದ ಬೀರು, ಮೇಜು, ಟಾರ್ಪಾಲು. ಕೊನೆಯಲ್ಲಿ ಹದಿನೇಳನೇ ನಂಬರು, ಈ ಸ್ಟೂಲು.

"ಕೂಗಿ ಮಾರಲ್ವಾ ಸುರೇಶ್?" ಅಂತ ನಿಮ್ಮಪ್ಪ ಕೇಳಿದ.

"ಅಯ್ಯೋ ಇಲ್ಲ ಮಂಜಣ್ಣ. ಈ ಗುಜರಿಯವರೆಲ್ಲ ಹೊರಗೆ ಟೀ ಅಂಗಡಿಯಲ್ಲೇ 'ತಕ್ಕಡಿ ನಿಂದು, ಬೀರು ನಂದು' ಅಂತ ಹಂಚ್ಕೊಂಡು ಬಂದಿರ್ತಾರೆ. ಒಬ್ಬ ಕೂಗಿದ್ರೆ ಇನ್ನೊಬ್ಬ ಬಾಯಿ ಬಿಡಲ್ಲ. ಅದಕ್ಕೇ ಕವರು. ಬೇಕಾದ ನಂಬರು, ಬೆಲೆ ಬರೆದು, ಅಂಟಿಸಿ ಈ ಡಬ್ಬಕ್ಕೆ ಹಾಕೋದು. ಭಾನುವಾರ ಹನ್ನೊಂದಕ್ಕೆ ಎಲ್ಲರ ಮುಂದೆ ಒಡೆಯೋದು, ಜಾಸ್ತಿ ಬರೆದೋರಿಗೆ ಮಾಲು. ಕವರ್ ಒಳಗೆ ಅವರು ಒಬ್ಬರನ್ನೊಬ್ಬರು ನಂಬಲ್ಲ, ನೋಡಿ ಬೇಕಾದ್ರೆ."

ನಾನು ಸ್ಟೂಲನ್ನೇ ನೋಡುತ್ತಿದ್ದೆ. ಸುರೇಶ ಗಮನಿಸಿ, "ಏನಮ್ಮಾ, ಏನಾದ್ರೂ ಬೇಕಿತ್ತಾ?" ಅಂತ ಕೇಳಿದರು. ಪುಣ್ಯಾತ್ಮ, ಬಾಯಿಬಿಟ್ಟು ಕೇಳಿದರು. "ಆ ಸ್ಟೂಲು ಕೊಡಪ್ಪಾ" ಅಂದಿದ್ದರೆ ಆಟೋದಲ್ಲಿಟ್ಟು ಕಳಿಸುತ್ತಿದ್ದರು. ಗಂಟಲಿನವರೆಗೆ ಬಂತು.

"ಏನಿಲ್ಲಪ್ಪ" ಅಂದೆ.

ಮುಂದಿನ ಸಾಲಿನಲ್ಲಿ ಕೂತು ಗೈರುಹಾಜರಿ ಹಾಕಿಸಿಕೊಂಡವಳು ಇನ್ನೇನು ಅಂದಾಳು!

ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ಅವರು ಇಪ್ಪತ್ತೆರಡು ವರ್ಷ ನಿಂತ ಜಾಗ ಅಂತ ಉಳಿದಿರುವುದು ಅದೊಂದೇ, ಅದನ್ನೂ ಯಾರೋ ಗುಜರಿಯವನು ಒಡೆದು ನೀರೊಲೆಗೆ ಹಾಕಿದರೆ? ಕವರು, ಕಾಗದ ತಂದಿಟ್ಟುಕೊಂಡೆ. ಎಷ್ಟು ಬರೆಯುವುದು? ತಾತ ಹೇಳುತ್ತಿದ್ದದ್ದು ನೆನಪಿತ್ತು: ಕವರಿನಲ್ಲಿ ನಿನ್ನ ಮನಸ್ಸಲ್ಲಿರೋ ಬೆಲೆ ಬರೀಬಾರದು, ಪಕ್ಕದೋನು ಏನು ಬರೀತಾನೆ ಅಂತ ಊಹಿಸಿ ಅದರ ಮೇಲೆ ಒಂದು ರೂಪಾಯಿ ಬರೀಬೇಕು. ಸರಿ. ಒಂದು ಹಳೇ ಸ್ಟೂಲಿಗೆ ಯಾರು ಬರೆಯುತ್ತಾರೆ? ಸೌದೆಯ ಲೆಕ್ಕದಲ್ಲಿ ಐವತ್ತೋ ಅರವತ್ತೋ. ನೂರೊಂದು ಅಂತ ಬರೆದೆ. ಕವರು ಅಂಟಿಸಿದೆ. ಹತ್ತು ನಿಮಿಷಕ್ಕೆ ಯಾರಾದರೂ ನೂರೈವತ್ತು ಬರೆದರೆ ಅನ್ನಿಸಿತು, ಹರಿದೆ. ಐನೂರೊಂದು. ಅದನ್ನೂ ಹರಿದೆ. ಬಾಯಿಬಿಟ್ಟು ಕೂಗುವ ಕಡೆಯಾದರೆ ಎದುರಿನವನ ಮುಖವಾದರೂ ಕಾಣುತ್ತದೆ, ಅವನು ಸುಮ್ಮನಾದ ಕಡೆ ನಾನೂ ನಿಲ್ಲಿಸಬಹುದು. ಇಲ್ಲಿ ಎದುರಿಗೆ ಯಾರೂ ಇಲ್ಲ. ಖಾಲಿ ಗೋಡೆಯ ಮುಂದೆ ಕೂತು ಸವಾಲು ಕೂಗಿದ ಹಾಗೆ. ನನ್ನ ಮೇಲೆ ನಾನೇ ಏರಿಸಿಕೊಳ್ಳುತ್ತಾ ಹೋದೆ. ಹೆಬ್ಬಾಳದಲ್ಲಿ ಹೇಳಿದ್ದರಲ್ಲ, ಹೆದರುವವರು ಜಾಸ್ತಿ ಕೊಡುತ್ತಾರೆ ಅಂತ. ಶನಿವಾರ ಸಂಜೆ ಏಳನೆಯ ಕವರಿನಲ್ಲಿ, ಕುಚ್ಚು ಕಟ್ಟಿ ಕೂಡಿಟ್ಟಿದ್ದಷ್ಟನ್ನೂ ಬರೆದೆ. ಐದು ಸಾವಿರದ ಒಂದು.

ಭಾನುವಾರ ನಿಮ್ಮಪ್ಪನಿಗೆ ಡ್ಯೂಟಿ ಇತ್ತು. ನಿಮ್ಮಮ್ಮನಿಗೆ ಯಾರದೋ ಸೀರೆ ಕೊಟ್ಟು ಬರಬೇಕು ಅಂತ ಸುಳ್ಳು ಹೇಳಿ ಹೊರಟೆ. (ಇದನ್ನು ಓದಿ ಅಮ್ಮನಿಗೆ ಹೇಳಬೇಡ.) ಪುಟ್ಟೇನಹಳ್ಳಿಯಿಂದ ಹೆಬ್ಬಾಳ, ಅಲ್ಲಿಂದ ರಿಂಗ್ ರೋಡಿನ ಬಸ್ಸು. ರಜೆಯ ದಿನ, ಮಾರ್ಕೆಟ್ಟು ಖಾಲಿ. ಯಾರ ಕಣ್ಣಿಗೂ ಬೀಳದ ಹಾಗೆ ಕವರನ್ನು ಡಬ್ಬಕ್ಕೆ ಹಾಕಿದೆ. ಹತ್ತಿಪ್ಪತ್ತು ಜನ ಗುಜರಿಯವರು, ಅವರ ಹಿಂದೆ ಕಂಬಕ್ಕೆ ಒರಗಿಕೊಂಡು ನಾನು. ಮೇಜಿನ ಹತ್ತಿರ ಸುರೇಶ, ಪಕ್ಕದ ಮೂಟೆಯ ಮೇಲೆ ರಿಜಿಸ್ಟರ್ ಹಿಡಿದು ನಂಜುಂಡಪ್ಪನವರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಲಿಲ್ಲ.

ಸುರೇಶ ಹೇಳಿದ್ದು ನಿಜವಾಯಿತು. ತಕ್ಕಡಿ ನಿಂದು ಅಂತ ಒಬ್ಬನಿಗೆ ಮಾತು ಕೊಟ್ಟವನ ಕವರಿನಲ್ಲೇ ತಕ್ಕಡಿಗೆ ಬೆಲೆ ಇತ್ತು. "ಲೇ, ಟೀ ಕುಡಿಸಿದ್ನಲ್ಲೋ ನಿಂಗೆ!" "ಟೀಗೇ ತಕ್ಕಡಿ ಬಿಡಕ್ಕಾಗುತ್ತಾ ಮಚ್ಚಾ?" ಅಂತ ಜಗಳ. ಅಂತೂ ಹದಿನೇಳನೇ ನಂಬರು ಬಂತು.

"ಸ್ಟೂಲು. ಮೂರು ಕವರ್ ಇದೆ!" ಅಂದರು ಸುರೇಶ. ಮೂರು?

ಮೊದಲನೆಯದು ಗುಜರಿಯವನದು, ಅರವತ್ತು. ಎರಡನೆಯದನ್ನು ಒಡೆದು ಸುರೇಶ ಕನ್ನಡಕ ಸರಿಮಾಡಿಕೊಂಡರು. "ನಾಲ್ಕು ಸಾವಿರ... ಏನ್ ನಂಜುಂಡಪ್ಪ, ಇದು ನಿಮ್ಮ ಹೆಸರಲ್ವಾ?"

ಎಲ್ಲರೂ ನಕ್ಕರು. "ಯಜಮಾನ್ರೇ, ನಾಕು ಸಾವಿರಕ್ಕೆ ಸೋಫಾ ಬರ್ತದೆ!" ಅಂತ ಯಾರೋ ಕೂಗಿದರು. ನಂಜುಂಡಪ್ಪನವರು ತಲೆ ಎತ್ತಲಿಲ್ಲ. ಬೆವರು ಒರೆಸಿಕೊಂಡು, ತಮ್ಮದೇ ಹೆಸರು, ತಮ್ಮದೇ ಬೆಲೆ ರಿಜಿಸ್ಟರಿನಲ್ಲಿ ಬರೆದುಕೊಂಡರು.

"ಮೂರನೇದು. ಐದು ಸಾವಿರದ... ಒಂದು. ಜಯಮ್ಮ. ಯಾರ್ರೀ ಜಯಮ್ಮ?"

ನಂಜುಂಡಪ್ಪನವರ ಪೆನ್ನು ನಿಂತಿತು. ತಲೆ ಎತ್ತಿ ಕಂಬದ ಕಡೆ ನೋಡಿದರು. ಈ ಸಲ ಯಾರೂ ನಗಲಿಲ್ಲ. ನನ್ನ ಹೆಸರು ಕೂಗಿದ್ದರು. ಏಳನೇ ಕ್ಲಾಸಿನಲ್ಲಿ ಬರದ ಮಾತು, ಇಂಚರಾ, ಅವತ್ತು ಬಂತು.

"ಬಂದಿದ್ದೀನಿ" ಅಂದೆ.

ಸುರೇಶ ಎದ್ದು ಬಂದರು. "ಅಮ್ಮಾ, ನೀವಾ! ಅವತ್ತೇ ಕೇಳಿದ್ರೆ ಹಾಗೇ ಕೊಡ್ತಿದ್ನಲ್ಲ. ದುಡ್ಡೇನೂ ಬೇಡ, ತಗೊಂಡ್ಹೋಗಿ."

"ಬೇಡಪ್ಪ. ಹರಾಜಲ್ಲಿ ಕೂಗಿದ ಬೆಲೆ ವಾಪಸ್ ತಗೋಬಾರದು ಅಂತ ಅವರು ಹೇಳ್ತಿದ್ರು" ಅಂದು ದುಡ್ಡು ಮೇಜಿನ ಮೇಲಿಟ್ಟೆ.

ನಂಜುಂಡಪ್ಪನವರು ಹತ್ತಿರ ಬಂದು ನೆಲ ನೋಡುತ್ತಾ ನಿಂತರು. "ಅಕ್ಕ, ನೀವು ಹಾಕ್ತೀರಿ ಅಂತ ಗೊತ್ತಿದ್ದಿದ್ರೆ ನಾನು ಹಾಕ್ತಾನೇ ಇರ್ಲಿಲ್ಲ."

"ನೀವು ಅಂತ ಗೊತ್ತಿದ್ದಿದ್ರೆ ನಾನೂ ಹಾಕ್ತಿರ್ಲಿಲ್ಲ."

ಬಸ್ಸಿನಲ್ಲಿ ಕೂತಾಗ ಇದರ ತಮಾಷೆ ಹೊಳೆಯಬೇಕಿತ್ತು, ಆದರೆ ಸ್ಟೂಲು ಇದ್ದದ್ದರಿಂದ ಆಟೋದಲ್ಲಿ ಹೊಳೆಯಿತು. ಅವತ್ತು ತಾತ ಕೂಗುತ್ತಿದ್ದ ಹಾಗೆ ಬಾಯಿಬಿಟ್ಟು ಹರಾಜು ಹಾಕಿದ್ದರೆ ಏನಾಗುತ್ತಿತ್ತು? ನಾನು ನಂಜುಂಡಪ್ಪನವರ ಮುಖ ನೋಡಿ ಸುಮ್ಮನಾಗುತ್ತಿದ್ದೆ. ಅವರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ನಮ್ಮಿಬ್ಬರ ಮರ್ಯಾದೆಯ ನಡುವೆ ಗುಜರಿಯವನು ಅರವತ್ತು ರೂಪಾಯಿಗೆ ಎತ್ತಿಕೊಂಡು ಹೋಗುತ್ತಿದ್ದ. ಚಿಕ್ಕಣ್ಣನ ಮುಖಕ್ಕೆ ನಮ್ಮಪ್ಪ ತೊಂಬತ್ತು ಹೆಚ್ಚು ಕೊಟ್ಟರೆ, ನಾವು ಒಬ್ಬರ ಮುಖಕ್ಕೊಬ್ಬರು ಸ್ಟೂಲನ್ನೇ ಬಿಟ್ಟುಕೊಡುತ್ತಿದ್ದೆವು. ಮುಚ್ಚಿದ ಕವರು ನನ್ನಿಂದ ಸಾವಿರಗಟ್ಟಲೆ ಹೆಚ್ಚು ಕಿತ್ತುಕೊಂಡಿತು, ನಿಜ. ಆದರೆ ಎರಡನೆಯವನು ಯಾರು ಅಂತ ಗೊತ್ತಾಗಬೇಕು ಅಂತ ತಾತ ಫ್ಲೈಓವರಿನ ಮೇಲೆ ಅಂದಿದ್ದು ಆಟೋ ಜಾಲಹಳ್ಳಿ ದಾಟುವಾಗ ನನಗೆ ಅರ್ಥವಾಯಿತು. ಈ ಊರಿನಲ್ಲಿ ಅವರಿಗೋಸ್ಕರ ನಾಲ್ಕು ಸಾವಿರ ರೂಪಾಯಿಯಷ್ಟು ದುಃಖ ಇಟ್ಟುಕೊಂಡವರು ಇನ್ನೊಬ್ಬರಿದ್ದರು.

ಮನೆಗೆ ತಂದಾಗ ನಿಮ್ಮಪ್ಪ "ಏನಮ್ಮಾ ಇದು?" ಅಂದ. "ನಿಮ್ಮಪ್ಪಂದು" ಅಂದೆ. ಅವನು ರಾತ್ರಿ ಅದರ ಅಲುಗಾಡುವ ಕಾಲಿಗೆ ಒಂದು ಮೊಳೆ ಹೊಡೆದುಕೊಟ್ಟ.

ಒಂದು ತಿಂಗಳಾದಮೇಲೆ ಒಂದು ಮಧ್ಯಾಹ್ನ ನಂಜುಂಡಪ್ಪನವರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಕುರ್ಚಿ ಕೊಟ್ಟರೂ ಕೂರದೆ, ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಾಫಿ ಕೊಟ್ಟೆ. ಆಮೇಲೆ ನಾನೇ, ಏನಾದರೂ ಕೇಳಬೇಕಲ್ಲ ಅಂತ, ಮೊನ್ನೆ ನೀನು ಕೇಳಿದ್ದನ್ನೇ ಅವತ್ತು ಅವರನ್ನು ಕೇಳಿದೆ. ಗುಳಿ ಮುಂದಿನ ಅರ್ಧಕ್ಕೆ ಮಾತ್ರ ಯಾಕಿದೆ ಅಂತ.

ಅವರು ಲೋಟ ಕೆಳಗಿಟ್ಟರು. "ನಿಮಗೆ ಗೊತ್ತಿಲ್ವಾ ಅಕ್ಕ? ಹೌದು, ನೀವೆಲ್ಲ ಅವನ ಮುಖ ನೋಡಿರ್ತೀರಿ. ನಾನು ಮೂಟೆ ಮೇಲೆ ಕೂತು ಬರೆಯೋನು. ಇಪ್ಪತ್ತೆರಡು ವರ್ಷ ನಂಗೆ ಕಂಡಿದ್ದು ಅವನ ಕಾಲೇ. ಎರಡು ಸಾರಿ ಅಂದ್ಮೇಲೆ ಹಿಮ್ಮಡಿ ಎತ್ತಿಬಿಡೋನು. ಬೆರಳ ಮೇಲೆ ನಿಂತ್ಕೊಂಡು, ಜನರ ತಲೆ ಮೇಲಿಂದ ಹಿಂದೆ, ಇನ್ನೂ ಹಿಂದೆ ನೋಡೋನು. ಇನ್ನೊಬ್ಬ ಯಾರಾದ್ರೂ ಬರ್ತಾನಾ, ಬಾಯಿ ಬಿಡ್ತಾನಾ ಅಂತ. ಬರಲ್ಲ ಅಂತ ಗಟ್ಟಿಯಾದ್ಮೇಲೆ ಹಿಮ್ಮಡಿ ಇಳಿಯೋದು. ಅದು ಇಳಿದ ತಕ್ಷಣ ನಾನು ಬೆಲೆ ಬರೆದುಬಿಡ್ತಿದ್ದೆ. ಮೂರು ಸಾರಿ ಅನ್ನೋದು ನಂಗೆ ಬೇಕಾಗಿರ್ಲಿಲ್ಲ."

ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಗೊತ್ತಿಲ್ಲದ ಸಂಗತಿ. ಲಾರಿಯ ಹಿಂದೆ ನಿಂತಿದ್ದ ದಿನ ಮೂಟೆಗಳ ಮೇಲಿಂದ ನನಗೆ ಕಂಡದ್ದು ಅವರ ತಲೆ. ಅವತ್ತು ಆ ತಲೆ ಅಷ್ಟು ಎತ್ತರದಲ್ಲಿ ಹೇಗೆ ಕಂಡಿತು ಅಂತ ನಾನು ಯೋಚಿಸಿರಲೇ ಇಲ್ಲ.

ನಂಜುಂಡಪ್ಪನವರು ಆಮೇಲೆ ಕೋಲಾರದ ಕಡೆ ಮಗಳ ಮನೆಗೆ ಹೋದರು. ಫೋನ್ ನಂಬರು ಬರೆದುಕೊಟ್ಟಿದ್ದಾರೆ, ಕ್ಯಾಲೆಂಡರಿನ ಹಿಂದೆ ಇದೆ. ನಾನು ಮಾಡಿಲ್ಲ, ಅವರೂ ಮಾಡಿಲ್ಲ. ಮೊದಲು ಯಾರು ಬಾಯಿಬಿಡಬೇಕು ಅನ್ನುವುದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಈ ಸೋಮವಾರ ನೀವೆಲ್ಲ ಹೋದಮೇಲೆ ನಾನೊಂದು ಕೆಲಸ ಮಾಡಿದೆ. ಬೈಯಬೇಡಿ, ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೇ ಮಾಡಿದ್ದು. ಸ್ಟೂಲು ಹತ್ತಿದೆ. ಎರಡು ಗುಳಿಯಲ್ಲಿ ಎರಡು ಪಾದ ಇಟ್ಟೆ. ಅವರದು ಸಣ್ಣ ಪಾದ, ನನಗೆ ಸರಿಯಾಗಿ ಹೊಂದಿತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮೆಲ್ಲಗೆ "ಎರಡು ಸಾರಿ" ಅಂದೆ. ಹಿಮ್ಮಡಿ ಎತ್ತಿದೆ. ಕಾಂಪೌಂಡಿನ ಆಚೆ ಬೀದಿ, ಬೀದಿಯ ಕೊನೆಯವರೆಗೂ ಕಾಣಿಸಿತು.

ಯಾರೂ ಇರಲಿಲ್ಲ. ಕಾಲು ನೋಯುವವರೆಗೂ ಹಿಮ್ಮಡಿ ಇಳಿಸಲಿಲ್ಲ.